ಲ್ಯಾಪ್‌ಟಾಪಿನೊಳಗಿನ ಬಾವಿ

ನನ್ನ ಲ್ಯಾಪ್‌ಟಾಪಿನೊಳಗೆ ಒಂದು ಬಾವಿ ಉಂಟು. ಅದರಲ್ಲಿ ನೀರು ಏರುತ್ತದೆ, ಇಳಿಯುತ್ತದೆ. ಪಂಪ್ ಶುರುವಾಗುತ್ತದೆ, ನಿಲ್ಲುತ್ತದೆ. ಏಪ್ರಿಲ್ ತಿಂಗಳ ಸಂಜೆ ಏಳು ಗಂಟೆಯ ಲೋ ವೋಲ್ಟೇಜ್ ಕೂಡ ಅದರಲ್ಲಿ ಉಂಟು.

ನಿಜವಾದ ಬಾವಿ ಇರುವುದು ಹೆಬ್ರಿ ಹತ್ತಿರ, ನನ್ನ ಸೋದರಮಾವನ ಅಡಿಕೆ ತೋಟದಲ್ಲಿ. ನಾನಿರುವುದು ಉಡುಪಿಯ ಕುಂಜಿಬೆಟ್ಟಿನಲ್ಲಿ. ಪರ್ಕಳ, ಹಿರಿಯಡ್ಕ, ಪೆರ್ಡೂರು ದಾಟಿ ಅಲ್ಲಿಗೆ ಹೋಗಲು ಸುಮಾರು ಒಂದು ಗಂಟೆ ಬೇಕು. ಮಳೆಗಾಲದಲ್ಲಿ ಇನ್ನೂ ಜಾಸ್ತಿ. ಅಲ್ಲಿನ ಪಂಪ್ ನಡೆಸುವ ಚಿಪ್ಪಿಗೆ ನಾನು ಬರೆದ ಪ್ರೋಗ್ರಾಮಿನಲ್ಲಿ ಒಂದು ಸಾಲು ಬದಲಾಯಿಸಿದಾಗಲೆಲ್ಲ ಅಷ್ಟು ದೂರ ಹೋಗಿ ನೋಡಲು ಆಗುವುದಿಲ್ಲ. ಹಾಗಾಗಿ ಬಾವಿಯನ್ನೇ ಮನೆಗೆ ತಂದುಕೊಂಡೆ, ಅಂದರೆ ಅದರ ನಕಲನ್ನು ಸಾಫ್ಟ್‌ವೇರಿನಲ್ಲಿ ಕಟ್ಟಿಕೊಂಡೆ. ಅದು ಒಂದೇ ದಿನದಲ್ಲಿ ಬರಲಿಲ್ಲ. ಮೂರು ವರ್ಷ, ಸ್ವಲ್ಪ ಸ್ವಲ್ಪವಾಗಿ ಬಂತು. ಅದು ಹೇಗೆ ಬಂತು ಎಂದು ಬರೆದಿಡಬೇಕು ಅನ್ನಿಸಿತು.

ಮಾವನ ತೋಟದಲ್ಲಿ ಬಾವಿ ಕೆಳಗೆ, ಟ್ಯಾಂಕ್ ಗುಡ್ಡದ ಮೇಲೆ. ನಡುವೆ ಅರುವತ್ತು ಮೀಟರ್ ವಯರು, ಅಡಿಕೆ ಮರದಿಂದ ಅಡಿಕೆ ಮರಕ್ಕೆ ಕಟ್ಟಿದ್ದು. ಪಂಪ್ ಹಾಕಿ ಮರೆತರೆ ಟ್ಯಾಂಕ್ ತುಂಬಿ ನೀರು ಹರಿದು ಹೋಗುತ್ತದೆ. ಬೇಸಿಗೆಯಲ್ಲಿ ಮರೆತರೆ ಬಾವಿಯಲ್ಲಿ ನೀರು ತಳ ಕಾಣುತ್ತದೆ, ಪಂಪ್ ಒಣ ಓಡಿ ಸೀಲ್ ಸುಡುತ್ತದೆ. ಅಂಗಡಿಯಲ್ಲಿ ಸಿಗುವ ಆಟೋಮ್ಯಾಟಿಕ್ ಡಬ್ಬಿ ಎರಡು ಹಾಕಿ ನೋಡಿದ್ದರು. ಎರಡೂ ಸಿಡಿಲಿಗೆ ಹೋದವು.

"ನೀನು ಎಲೆಕ್ಟ್ರಾನಿಕ್ಸ್ ಓದಿದವ ಅಲ್ವಾ, ಇದಕ್ಕೆ ಎಂತಾದ್ರೂ ಮಾಡು ಮಾರಾಯ" ಎಂದರು ಮಾವ.

ಮಾಡಿದೆ. ಒಂದು ಎಟಿಮೆಗಾ 328ಪಿ ಚಿಪ್, ಟ್ಯಾಂಕಿನಲ್ಲಿ ನೀರಿನ ಮೇಲೆ ತೇಲುವ ಫ್ಲೋಟ್ ಸ್ವಿಚ್, ಬಾವಿಯಲ್ಲಿ ನೀರು ಉಂಟಾ ಎಂದು ನೋಡಲು ಎರಡು ಸ್ಟೀಲ್ ಸರಳು, ಮೋಟಾರಿಗೆ ಕರೆಂಟ್ ಕೊಡುವ ಸ್ಟಾರ್ಟರಿನ ಕಾಯಿಲ್‌ಗೆ ಒಂದು ರಿಲೇ, ಅಂದರೆ ಚಿಪ್ ಹೇಳಿದಂತೆ ಮುಚ್ಚಿ ತೆರೆಯುವ ಸ್ವಿಚ್. ಆರ್ಡುಯಿನೋ ಊನೋ ಬೋರ್ಡಿನಲ್ಲಿರುವುದೂ ಇದೇ ಚಿಪ್. ತುಂಬಾ ಚಿಕ್ಕದು. ಪ್ರೋಗ್ರಾಮಿಗೆ 32 ಕಿಲೋಬೈಟ್ ಜಾಗ, 2 ಕಿಲೋಬೈಟ್ ರ‍್ಯಾಮ್. ಗಡಿಯಾರ 16 ಮೆಗಾಹರ್ಟ್ಸ್, ಅಂದರೆ ಸೆಕೆಂಡಿಗೆ 1 ಕೋಟಿ 60 ಲಕ್ಷ ಟಿಕ್. ಒಂದು ಟಿಕ್ ಅಂದರೆ 62.5 ನ್ಯಾನೋಸೆಕೆಂಡ್.

ಇಂಥ ಚಿಪ್ಪನ್ನು ಸಾಫ್ಟ್‌ವೇರಿನಲ್ಲಿ ಕಟ್ಟುವುದು ಹೇಗೆ ಎಂದು ಕೇಳಿದರೆ ಉತ್ತರ ಬಹಳ ಸರಳ. 32 ಕಿಲೋಬೈಟಿನ ಒಂದು ಪಟ್ಟಿ. 2 ಕಿಲೋಬೈಟಿನ ಇನ್ನೊಂದು ಪಟ್ಟಿ. 32 ರಿಜಿಸ್ಟರ್, ಅಂದರೆ ಲೆಕ್ಕ ಮಾಡುವಾಗ ಸಂಖ್ಯೆ ಇಟ್ಟುಕೊಳ್ಳುವ ಸಣ್ಣ ಗೂಡುಗಳು. ಈಗ ಯಾವ ಜಾಗದಲ್ಲಿದ್ದೇವೆ ಎಂದು ಹೇಳುವ ಒಂದು ಸಂಖ್ಯೆ. ಆ ಜಾಗದ 16 ಬಿಟ್ ಓದು. ಕೂಡಿಸು ಅಂತ ಇದ್ದರೆ ಕೂಡಿಸು, ಲೆಕ್ಕಕ್ಕೆ ಒಂದು ಟಿಕ್ ಸೇರಿಸು. ಹಾರು ಅಂತ ಇದ್ದರೆ ಹಾರು, ಎರಡು ಟಿಕ್ ಸೇರಿಸು. ಟಿಕ್ ಎಷ್ಟಾಯಿತು ನೋಡಿ ಟೈಮರನ್ನು ಮುಂದೆ ತಳ್ಳು. ಇಂಟರಪ್ಟ್, ಅಂದರೆ ನಡುವೆ ಕರೆಯುವ ತುರ್ತು ಸೂಚನೆ, ಬಂದಿದೆಯಾ ನೋಡು. ಮತ್ತೆ ಮುಂದಿನ ಜಾಗ. ಇಷ್ಟೇ. ಇದನ್ನು ಸೆಕೆಂಡಿಗೆ ಕೋಟಿ ಸಲ ಮಾಡಲು ಇವತ್ತಿನ ಸಾಮಾನ್ಯ ಲ್ಯಾಪ್‌ಟಾಪಿಗೆ ಕಷ್ಟವಿಲ್ಲ.

ಹೀಗೆ ನಕಲು ಮಾಡುವ ಪ್ರೋಗ್ರಾಮಿಗೆ ಸಿಮ್ಯುಲೇಟರ್ ಅನ್ನುತ್ತಾರೆ. ನಾನು ಬಳಸುವುದು ಸಿಮ್‌ಎವಿಆರ್. ಸಿ ಭಾಷೆಯಲ್ಲಿ ಬರೆದದ್ದು, ಲಿನಕ್ಸ್‌ನಲ್ಲಿ ಓಡುತ್ತದೆ, ಉಚಿತ, ಒಳಗೆ ತೆರೆದು ನೋಡಬಹುದು. ಬ್ರೌಸರಿನಲ್ಲೇ ಬೇಕು ಅನ್ನುವವರಿಗೆ ವೋಕ್ವಿ ಉಂಟು. ಸಿಮ್‌ಎವಿಆರಿನಲ್ಲಿ ನನಗೆ ಬಹಳ ಇಷ್ಟವಾಗುವ ವಿಷಯ ಒಂದು. ನಿಜವಾದ ಚಿಪ್ಪಿಗೆ ಹಾಕುವ ಹೆಕ್ಸ್ ಫೈಲನ್ನೇ ಇದಕ್ಕೂ ಕೊಡುತ್ತೇನೆ. ಬೇರೆ ನಕಲು ಪ್ರೋಗ್ರಾಮ್ ಬರೆಯಬೇಕಾಗಿಲ್ಲ. ತೋಟದಲ್ಲಿ ಓಡುವ ಅದೇ ಬೈಟುಗಳು ಇಲ್ಲಿಯೂ ಓಡುತ್ತವೆ. ಬೇಕಾದಲ್ಲಿ ನಿಲ್ಲಿಸಬಹುದು. ಯಾವ ಪಿನ್ ಯಾವ ಕ್ಷಣದಲ್ಲಿ ಏರಿತು, ಇಳಿಯಿತು ಎಂದು ಗೆರೆ ಎಳೆದು ನೋಡಬಹುದು.

ಚಿಪ್ಪಿನ ಹೊರಗಿನ ಸರ್ಕ್ಯೂಟ್ ಮಾತ್ರ ಬೇರೆ ವಿಷಯ. ರೆಸಿಸ್ಟರ್, ಕೆಪಾಸಿಟರ್, ಡಯೋಡ್, ಕಾಯಿಲ್ ಇವುಗಳಿಗೆ ಸ್ಪೈಸ್ ಎನ್ನುವ ಬೇರೆ ದಾರಿ. ಅದು ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದಲ್ಲಿ ಹುಟ್ಟಿ 1973ರಲ್ಲಿ ಹೊರಗೆ ಬಂದದ್ದು. ಸಮಯವನ್ನು ಸಣ್ಣ ಸಣ್ಣ ತುಂಡು ಮಾಡಿ, ಪ್ರತಿ ತುಂಡಿನಲ್ಲೂ ಸರ್ಕ್ಯೂಟಿನ ಪ್ರತಿ ಜಾಯಿಂಟಿನಲ್ಲಿ ಎಷ್ಟು ವೋಲ್ಟ್ ಎಂದು ಲೆಕ್ಕ ಬಿಡಿಸುತ್ತದೆ. ಇವತ್ತು ಸಿಗುವ ಹೆಚ್ಚಿನ ಸರ್ಕ್ಯೂಟ್ ಸಿಮ್ಯುಲೇಟರುಗಳು ಅದೇ ಬೇರಿನ ಚಿಗುರುಗಳು. ಚಿಪ್ಪಿನ ಒಳಗೆ 0 ಮತ್ತು 1. ಹೊರಗೆ 0.7, 3.2, 4.31. ನನಗೆ ತೊಂದರೆ ಬಂದದ್ದೆಲ್ಲ ಈ ಎರಡರ ನಡುವಿನ ಬೇಲಿಯಲ್ಲಿ.

ಮೊದಲು ಬಂದದ್ದು ಫ್ಲೋಟ್ ಸ್ವಿಚ್ಚಿನಿಂದ. ನನ್ನ ಸಿಮ್ಯುಲೇಟರಿನಲ್ಲಿ ಆಗ ಟ್ಯಾಂಕ್ ಅಂದರೆ ಒಂದು ಬಟನ್. ಒತ್ತಿದರೆ ತುಂಬಿತು, ಬಿಟ್ಟರೆ ಖಾಲಿ. ಸ್ವಿಚ್ ಮುಚ್ಚುವಾಗ ಕೆಲವು ಮಿಲಿಸೆಕೆಂಡ್ ಅದರೊಳಗಿನ ತಗಡು ಪುಟಿಯುತ್ತದೆ ಎಂದು ಗೊತ್ತಿತ್ತು. ಅದಕ್ಕೆ 50 ಮಿಲಿಸೆಕೆಂಡ್ ಕಾಯುವಂತೆ ಬರೆದಿದ್ದೆ. ನೂರು ಸಲ ಒತ್ತಿ ನೋಡಿದೆ, ಒಂದೂ ತಪ್ಪಿಲ್ಲ. ಖುಷಿಯಿಂದ ತೋಟದಲ್ಲಿ ಕೂರಿಸಿ ಬಂದೆ. ಮರುದಿನವೇ ಮಾವನ ಫೋನ್.

"ಇದೆಂಥ ಮಾರಾಯ, ಟ್ಯಾಂಕ್ ತುಂಬುವ ಹೊತ್ತಿಗೆ ಪಂಪ್ ಕುಣೀಲಿಕ್ಕೆ ಶುರು ಮಾಡ್ತದೆ!"

ಹೋಗಿ ಟ್ಯಾಂಕಿನ ಮೇಲೆ ಹತ್ತಿ ಕುಳಿತೆ. ನೋಡಿದ ಕೂಡಲೇ ಅರ್ಥವಾಯಿತು. ಎರಡು ಇಂಚಿನ ಪೈಪಿನಿಂದ ನೀರು ರಭಸವಾಗಿ ಬೀಳುತ್ತದೆ. ಟ್ಯಾಂಕಿನಲ್ಲಿ ಅಲೆ ಏಳುತ್ತದೆ. ಅಲೆಯ ಮೇಲೆ ಫ್ಲೋಟ್ ತೇಲಾಡುತ್ತದೆ. ಸ್ವಿಚ್ ಮುಚ್ಚುತ್ತದೆ, ತೆರೆಯುತ್ತದೆ, ಮತ್ತೆ ಮುಚ್ಚುತ್ತದೆ. ಲಾಜಿಕ್ ಅನಲೈಸರ್ ಎನ್ನುವ ಸಣ್ಣ ಯುಎಸ್‌ಬಿ ಡಬ್ಬಿ ನನ್ನ ಹತ್ತಿರ ಇತ್ತು. ಅದನ್ನು ವಯರಿಗೆ ಸಿಕ್ಕಿಸಿ, ಟ್ಯಾಂಕ್ ತುಂಬುವವರೆಗೆ ಲ್ಯಾಪ್‌ಟಾಪಿನಲ್ಲಿ ದಾಖಲು ಮಾಡಿಕೊಂಡೆ. ನಾನು ಅಂದುಕೊಂಡಿದ್ದ ಹತ್ತಿಪ್ಪತ್ತು ಮಿಲಿಸೆಕೆಂಡಿನ ಪುಟಿತ ಎಲ್ಲಿ, ಅಲ್ಲಿ ಕಂಡ 38 ಸೆಕೆಂಡುಗಳ ತೇಲಾಟ ಎಲ್ಲಿ.

ಆ ದಾಖಲೆಯನ್ನು ವಿಸಿಡಿ ಎನ್ನುವ ಫೈಲಾಗಿ ಉಳಿಸಬಹುದು. ಯಾವ ಕ್ಷಣದಲ್ಲಿ ಗೆರೆ ಏರಿತು, ಯಾವ ಕ್ಷಣದಲ್ಲಿ ಇಳಿಯಿತು ಎಂಬ ಬರೀ ಪಟ್ಟಿ ಅದು. ಸಿಮ್‌ಎವಿಆರ್ ಆ ಪಟ್ಟಿಯನ್ನು ಓದಿ ಚಿಪ್ಪಿನ ಪಿನ್ನಿಗೆ ಕೊಡಬಲ್ಲದು. ಆ ರಾತ್ರಿ ಊಟ ಮುಗಿಸಿ ಕುಂಜಿಬೆಟ್ಟಿನ ಮನೆಯಲ್ಲಿ ಅದನ್ನು ಓಡಿಸಿದೆ. ಪರದೆಯ ಮೇಲೆ ರಿಲೇಯ ಗೆರೆ ಮಾವ ಹೇಳಿದ ಹಾಗೆಯೇ ಕುಣಿಯಿತು. ನನಗೆ ಮೈ ಝುಂ ಅಂದಿತು. ಹೆಬ್ರಿಯ ಟ್ಯಾಂಕಿನ ಅಲೆ ನನ್ನ ಮೇಜಿನ ಮೇಲೆ ಬಂದಿತ್ತು. ಮತ್ತೆ ಮತ್ತೆ, ಬೇಕಾದಷ್ಟು ಸಲ ಅದೇ ಅಲೆ. ನಿಜವಾದ ಟ್ಯಾಂಕಿನಲ್ಲಿ ಒಂದೇ ಅಲೆ ಎರಡು ಸಲ ಬರುವುದಿಲ್ಲ.

ಐದು ಸೆಕೆಂಡ್ ಬಿಡದೆ ಮುಚ್ಚಿದ್ದರೆ ಮಾತ್ರ ತುಂಬಿತು ಎಂದು ತಿಳಿ ಎಂದು ಪ್ರೋಗ್ರಾಮ್ ತಿದ್ದಿದೆ. ಒಂದು ಸಲ ನಿಂತ ಪಂಪ್ ಹತ್ತು ನಿಮಿಷ ಶುರುವಾಗಬಾರದು ಎಂದೂ ಸೇರಿಸಿದೆ. ತಿದ್ದಿದ್ದು ಹತ್ತು ಸಾಲು. ಆದರೆ ಆ ದಿನ ನನ್ನ ಕೆಲಸದ ಕ್ರಮವೇ ಬದಲಾಯಿತು. ಅಲ್ಲಿಯವರೆಗೆ ಸಿಮ್ಯುಲೇಟರ್ ನನಗೆ ಮುಂದೆ ಏನಾಗುತ್ತದೆ ಎಂದು ಹೇಳುತ್ತದೆ ಅಂದುಕೊಂಡಿದ್ದೆ. ಹಾಗಲ್ಲ. ನಾನು ಅದರೊಳಗೆ ಏನು ಇಟ್ಟಿದ್ದೇನೋ ಅಷ್ಟೇ ಅದಕ್ಕೆ ಗೊತ್ತು. ಅಲೆ ಇಡದಿದ್ದರೆ ಅದರ ಲೋಕದಲ್ಲಿ ಅಲೆಯೇ ಇಲ್ಲ. ಅಂದಿನಿಂದ ಒಂದು ನಿಯಮ ಇಟ್ಟುಕೊಂಡೆ. ತೋಟದಿಂದ ಯಾವ ದೂರು ಬಂದರೂ ಮೊದಲು ಪ್ರೋಗ್ರಾಮ್ ಮುಟ್ಟುವುದಿಲ್ಲ. ಆ ತೊಂದರೆಯನ್ನು ಲ್ಯಾಪ್‌ಟಾಪಿನ ಬಾವಿಗೆ ತರುತ್ತೇನೆ. ಅಲ್ಲಿ ಅದೇ ಹಾಗೆ ಕೆಡಬೇಕು. ಕೆಟ್ಟ ಮೇಲೆಯೇ ತಿದ್ದುವುದು.

ಈ ನಿಯಮದ ನಿಜವಾದ ಪರೀಕ್ಷೆ ನಡೆದದ್ದು ಮರುವರ್ಷದ ಬೇಸಿಗೆಯಲ್ಲಿ.

ಏಪ್ರಿಲ್ ಸಂಜೆ. ಎಲ್ಲರ ತೋಟದಲ್ಲೂ ಪಂಪ್ ಓಡುವ ಹೊತ್ತು. ವೋಲ್ಟೇಜ್ ಕಡಿಮೆ. ಪಂಪ್‌ಶೆಡ್ಡಿನಿಂದ ಕಟ ಕಟ ಕಟ ಎಂದು ಸ್ಟಾರ್ಟರ್ ಬಡಿದುಕೊಳ್ಳುವ ಸದ್ದು. ಮಾವ ಓಡಿ ಹೋಗಿ ಮೈನ್ ತೆಗೆದರು. ಇನ್ನೊಂದು ಹತ್ತು ನಿಮಿಷ ಹಾಗೆಯೇ ಬಿಟ್ಟಿದ್ದರೆ ಮೋಟಾರ್ ಸುಟ್ಟು ಹೋಗುತ್ತಿತ್ತು.

ಆದದ್ದು ಇದು. ಮೋಟಾರ್ ಶುರುವಾಗುವ ಕ್ಷಣದಲ್ಲಿ ಅದು ಮಾಮೂಲಿಗಿಂತ ಐದಾರು ಪಟ್ಟು ಕರೆಂಟ್ ಎಳೆಯುತ್ತದೆ. ಉದ್ದದ ಲೈನು, ಮೊದಲೇ ಕಡಿಮೆ ವೋಲ್ಟೇಜ್. ಆ ಕ್ಷಣ ಇನ್ನೂ ಕುಸಿಯುತ್ತದೆ. ನನ್ನ ಡಬ್ಬಿಗೂ ಅದೇ ಲೈನಿನಿಂದ ಕರೆಂಟ್. ಒಂದು ಸಣ್ಣ ಟ್ರಾನ್ಸ್‌ಫಾರ್ಮರ್, ಅದರ ಮುಂದೆ 7805 ರೆಗ್ಯುಲೇಟರ್. ಆ ರೆಗ್ಯುಲೇಟರಿಗೆ 5 ವೋಲ್ಟ್ ಕೊಡಬೇಕಾದರೆ ಒಳಗೆ ಸುಮಾರು 7 ವೋಲ್ಟ್ ಬರಬೇಕು. ಬರಲಿಲ್ಲ. 4.3 ವೋಲ್ಟಿಗಿಂತ ಕೆಳಗೆ ಹೋದರೆ ಚಿಪ್ ರೀಸೆಟ್ ಆಗಬೇಕು ಎಂದು ನಾನೇ ಸೆಟ್ ಮಾಡಿದ್ದೆ. ಅದು ಸರಿಯಾದ ಸೆಟಿಂಗೇ. ಚಿಪ್ ರೀಸೆಟ್ ಆಯಿತು. ರಿಲೇ ಬಿಟ್ಟಿತು. ಮೋಟಾರ್ ನಿಂತಿತು. ಹೊರೆ ಹೋದ ಕೂಡಲೇ ವೋಲ್ಟೇಜ್ ಏರಿತು. ಚಿಪ್ ಮೊದಲಿನಿಂದ ಎದ್ದಿತು. ಟ್ಯಾಂಕ್ ಖಾಲಿ ಕಂಡಿತು. ಪಂಪ್ ಹಾಕಿತು. ಮತ್ತೆ ಕುಸಿತ. ಹತ್ತು ನಿಮಿಷ ಕಾಯಬೇಕು ಎಂಬ ನನ್ನ ನಿಯಮ ರ‍್ಯಾಮಿನಲ್ಲಿತ್ತು. ರೀಸೆಟ್ ಆದಾಗಲೆಲ್ಲ ಅದು ಅಳಿಸಿ ಹೋಗುತ್ತಿತ್ತು.

ನನ್ನ ಲ್ಯಾಪ್‌ಟಾಪಿನ ಬಾವಿಯಲ್ಲಿ ಕರೆಂಟ್ ಯಾವತ್ತೂ 5 ವೋಲ್ಟ್. ಕುಸಿಯುವ ಮಾತೇ ಇರಲಿಲ್ಲ. ಮೋಟಾರಿಗೂ ಚಿಪ್ಪಿಗೂ ಒಂದೇ ಲೈನು ಎಂಬ ಸಂಬಂಧವನ್ನೇ ನಾನು ಅದರಲ್ಲಿ ಬರೆದಿರಲಿಲ್ಲ. ಈಗ ಬರೆದೆ. ರಿಲೇ ಪಿನ್ ಏರಿದರೆ, ಲೋ ವೋಲ್ಟೇಜ್ ಹೊತ್ತಾಗಿದ್ದರೆ, 80 ಮಿಲಿಸೆಕೆಂಡಿನ ನಂತರ ಚಿಪ್ಪನ್ನು ರೀಸೆಟ್ ಮಾಡು. ಓಡಿಸಿದೆ. ಪರದೆಯ ಮೇಲೆ ಅದೇ ಕಟ ಕಟ ಕಟ.

ಪರಿಹಾರಕ್ಕೆ ಚಿಪ್ಪೇ ದಾರಿ ಕೊಡುತ್ತದೆ. ಯಾವ ಕಾರಣಕ್ಕೆ ರೀಸೆಟ್ ಆಯಿತು ಎಂದು ಎಂಸಿಯುಎಸ್‌ಆರ್ ಎನ್ನುವ ರಿಜಿಸ್ಟರಿನಲ್ಲಿ ಗುರುತು ಇರುತ್ತದೆ. ಹೊಸದಾಗಿ ಕರೆಂಟ್ ಬಂದದ್ದಾ, ವೋಲ್ಟೇಜ್ ಕುಸಿದದ್ದಾ, ಪ್ರೋಗ್ರಾಮ್ ಸಿಕ್ಕಿಕೊಂಡರೆ ಚಿಪ್ಪನ್ನು ರೀಸೆಟ್ ಮಾಡುವ ವಾಚ್‌ಡಾಗ್ ಟೈಮರ್ ಕಚ್ಚಿದ್ದಾ, ಹೊರಗಿನಿಂದ ಯಾರಾದರೂ ರೀಸೆಟ್ ಒತ್ತಿದ್ದಾ. ವೋಲ್ಟೇಜ್ ಕುಸಿದದ್ದಾದರೆ ಒಂದು ಎಣಿಕೆ ಹೆಚ್ಚಿಸು, ಮೂರು ನಿಮಿಷ ಕಾಯಿ. ಮೂರು ಸಲ ಆದರೆ ಅರ್ಧ ಗಂಟೆ ಕಾಯಿ. ಆ ಎಣಿಕೆಯನ್ನು, ರೀಸೆಟ್ ಆದರೂ ಪ್ರೋಗ್ರಾಮ್ ಅಳಿಸದ ರ‍್ಯಾಮ್ ಭಾಗದಲ್ಲಿ ಇಟ್ಟೆ. ಸಿಮ್ಯುಲೇಟರಿನಲ್ಲಿ ಸೊಗಸಾಗಿ ನಡೆಯಿತು. ತೋಟಕ್ಕೆ ಹೋಗಿ ಹಾಕಿದೆ. ಕಟ ಕಟ ನಿಂತಿತು.

ಒಂದು ವಾರದ ನಂತರ ಮಾವ ಹೇಳಿದರು, "ಈಗ ಬಡ್ಕೊಳ್ಳುದಿಲ್ಲ. ಆದ್ರೆ ಕರೆಂಟ್ ಹೋಗಿ ಬಂದ್ರೆ ಅರ್ಧ ಗಂಟೆ ಸುಮ್ನೆ ಕೂತ್ಕೊಳ್ತದೆ. ಯಾಕೆ?"

ಈ ಪ್ರಶ್ನೆಗೆ ಎರಡು ರಾತ್ರಿ ಹಿಡಿಯಿತು. ನನ್ನ ಸಿಮ್ಯುಲೇಟರಿನ ರ‍್ಯಾಮ್ ಶುರುವಾಗುವಾಗ ಪೂರ್ತಿ ಸೊನ್ನೆ. ನಿಜವಾದ ರ‍್ಯಾಮ್ ಹಾಗಲ್ಲ. ಕರೆಂಟ್ ಪೂರ್ತಿ ಹೋಗಿ ಬಂದರೆ ಅದರ ಪ್ರತಿ ಬಿಟ್ ತನಗೆ ತೋಚಿದ ಕಡೆ ವಾಲುತ್ತದೆ. ನನ್ನ ಎಣಿಕೆಯ ಜಾಗದಲ್ಲಿ 173ರಂಥ ಏನೋ ಒಂದು ಸಂಖ್ಯೆ ಕೂತಿರುತ್ತಿತ್ತು. ಮೂರಕ್ಕಿಂತ ಜಾಸ್ತಿ ಅಲ್ವಾ, ಹಾಗಾಗಿ ಅರ್ಧ ಗಂಟೆ. ಇನ್ನೊಂದು ಸೂಕ್ಷ್ಮವೂ ಸೇರಿತ್ತು. ಕರೆಂಟ್ ನಿಧಾನವಾಗಿ ಏರುವಾಗ ಹೊಸದಾಗಿ ಬಂತು ಎಂಬ ಗುರುತೂ, ವೋಲ್ಟೇಜ್ ಕುಸಿಯಿತು ಎಂಬ ಗುರುತೂ ಎರಡೂ ಒಟ್ಟಿಗೆ ಏಳಬಹುದು. ನಾನು ಎರಡನೆಯದನ್ನು ಮೊದಲು ನೋಡುತ್ತಿದ್ದೆ.

ತಿದ್ದುವ ಮೊದಲು ಲ್ಯಾಪ್‌ಟಾಪಿನ ಬಾವಿಯ ರ‍್ಯಾಮಿಗೆ ಪ್ರತಿ ಸಲ ಬೇರೆ ಬೇರೆ ಕಸ ತುಂಬಿಸಿ ಶುರು ಮಾಡುವಂತೆ ಬರೆದೆ. ಈಗ ಅಲ್ಲಿಯೂ ಅರ್ಧ ಗಂಟೆ ಕೂತಿತು. ಆಮೇಲೆ ಎಣಿಕೆಯ ಪಕ್ಕ ಒಂದು ಗುರುತಿನ ಸಂಖ್ಯೆ ಇಟ್ಟೆ. ಆ ಸಂಖ್ಯೆ ಸರಿಯಿದ್ದರೆ ಮಾತ್ರ ಎಣಿಕೆಯನ್ನು ನಂಬು, ಇಲ್ಲದಿದ್ದರೆ ಸೊನ್ನೆ ಮಾಡು. ಈ ಕಸ ತುಂಬಿಸುವ ಕೆಲಸವನ್ನು ಈಗ ನಾನು ಬರೆಯುವ ಎಲ್ಲ ಪ್ರೋಗ್ರಾಮಿಗೂ ಮಾಡುತ್ತೇನೆ. ಸಿಮ್ಯುಲೇಟರ್ ನಮಗೆ ಕೇಳದೆಯೇ ಮಾಡಿಕೊಡುವ ಉಪಕಾರಗಳಿವೆಯಲ್ಲ, ಅವನ್ನು ಹುಡುಕಿ ಹುಡುಕಿ ತೆಗೆಯಬೇಕು. ಸೊನ್ನೆ ರ‍್ಯಾಮ್ ಒಂದು ಉಪಕಾರ. ಯಾವುದಕ್ಕೂ ಸಿಕ್ಕಿಸದ ಪಿನ್ ಸುಮ್ಮನೆ ಸೊನ್ನೆ ತೋರಿಸುವುದು ಇನ್ನೊಂದು. ನಿಜವಾದ ಪಿನ್ ಬೆರಳು ಹತ್ತಿರ ಬಂದರೂ ಅಲುಗುತ್ತದೆ.

ಬಾವಿಯ ಸರಳುಗಳ ಕಥೆ ಚಿಕ್ಕದು. ನೀರಿನಲ್ಲಿ ಡಿಸಿ ಬಿಡದೆ ಹರಿದರೆ ಒಂದು ಸರಳು ಸವೆಯುತ್ತದೆ. ಕೆಲವು ಮಿಲಿಸೆಕೆಂಡ್ ಮಾತ್ರ ಕರೆಂಟ್ ಕೊಟ್ಟು, ದಿಕ್ಕು ಬದಲಾಯಿಸುತ್ತಾ ನೋಡಿದರೆ ಬಾಳಿಕೆ ಬರುತ್ತದೆ. ಅಷ್ಟೇ.

ಇಷ್ಟರವರೆಗೆ ತೋಟವೇ ಮುಂದೆ, ಲ್ಯಾಪ್‌ಟಾಪ್ ಹಿಂದೆ. ಒಂದು ಸಲ ಅದು ತಿರುಗಿತು. ಲೋ ವೋಲ್ಟೇಜ್ ಗಲಾಟೆಯ ನಂತರ ಚಿಪ್ಪಿಗೆ ಬೇರೆಯೇ ಒಂದು 12 ವೋಲ್ಟಿನ ಸಣ್ಣ ಬ್ಯಾಟರಿ ಇಟ್ಟೆವು. ಕರೆಂಟ್ ಹೋದರೂ ಚಿಪ್ ನಿಲ್ಲುವುದಿಲ್ಲ. ಹಾಗಾದರೆ ಅದು ತಿಂಗಳುಗಟ್ಟಲೆ ರೀಸೆಟ್ ಆಗದೆ ಓಡುತ್ತದೆ. ಆಗ ನನಗೆ ಚಿಪ್ ಶುರುವಾದಲ್ಲಿಂದ ಪ್ರೋಗ್ರಾಮ್ ಎಣಿಸುತ್ತಾ ಹೋಗುವ ಮಿಲಿಸೆಕೆಂಡ್ ಲೆಕ್ಕ ನೆನಪಾಯಿತು. ಅದು 32 ಬಿಟ್ಟಿನ ಸಂಖ್ಯೆ. 429 ಕೋಟಿ ಚಿಲ್ಲರೆ ಮುಟ್ಟಿದ ಮೇಲೆ ಮತ್ತೆ ಸೊನ್ನೆಗೆ ಬೀಳುತ್ತದೆ. ಅದಕ್ಕೆ 49 ದಿನ 17 ಗಂಟೆ ಬೇಕು. ತೋಟದಲ್ಲಿ ಇದನ್ನು ಕಾದು ನೋಡಲು ಆಗುತ್ತದಾ?

ಸಿಮ್ಯುಲೇಟರಿನಲ್ಲಿ ಆ ಸಂಖ್ಯೆಯನ್ನು ಸೊನ್ನೆಗೆ ಬೀಳುವ ಹತ್ತು ಸೆಕೆಂಡ್ ಮುಂಚಿನ ಬೆಲೆಗೆ ಇಟ್ಟು ಓಡಿಸಿದೆ. ಮೂರು ನಿಮಿಷ ಕಾಯಬೇಕಿದ್ದ ಪಂಪ್ ಒಂದೂ ಸೆಕೆಂಡ್ ಕಾಯದೆ ಶುರುವಾಯಿತು. ತಪ್ಪು ನನ್ನದೇ. ಈಗಿನ ಸಮಯಕ್ಕೆ ಮೂರು ನಿಮಿಷ ಕೂಡಿಸಿ, ಆ ಗಡುವು ದಾಟಿತಾ ಎಂದು ನೋಡುತ್ತಿದ್ದೆ. ಕೂಡಿಸುವಾಗಲೇ ಗಡುವು ಸೊನ್ನೆ ದಾಟಿ ಚಿಕ್ಕ ಸಂಖ್ಯೆಯಾಗಿ ಬಿಡುತ್ತಿತ್ತು. ಕೂಡಿಸುವ ಬದಲು ಕಳೆಯಬೇಕು. ಈಗಿನ ಸಮಯದಿಂದ ಶುರುವಾದ ಸಮಯ ಕಳೆದರೆ, ನಡುವೆ ಸೊನ್ನೆ ಬಂದರೂ ಲೆಕ್ಕ ಸರಿಯಾಗಿಯೇ ಬರುತ್ತದೆ. ಈ ಒಂದು ತಪ್ಪು ಸಿಕ್ಕಿದ್ದು ಹತ್ತು ನಿಮಿಷದಲ್ಲಿ. ಆಮೇಲೆ ಇನ್ನೂ ಆಸೆಯಾಯಿತು. ಚಿಪ್ ನಿದ್ದೆಯಲ್ಲಿರುವ ಸಮಯವನ್ನು ಹಾರಿಸುವಂತೆ ಮಾಡಿಕೊಂಡು, ಒಂದು ಇಡೀ ಮಳೆಗಾಲವನ್ನು ಒಂದು ರಾತ್ರಿಯಲ್ಲಿ ಓಡಿಸಿದೆ. ಬೆಳಿಗ್ಗೆ ಎದ್ದು ನೋಡಿದಾಗ ಎಲ್ಲ ಸರಿಯಿತ್ತು. ಹೊರಗೆ ನಿಜವಾದ ಮಳೆ ಇನ್ನೂ ಹೊಯ್ಯುತ್ತಲೇ ಇತ್ತು.

ಇಂಥ ಸಮಯದಲ್ಲಿ ನನಗೆ 1975ರ ಕಥೆ ನೆನಪಾಗುತ್ತದೆ. ಆಲ್ಟೇರ್ 8800 ಎಂಬ ಕಂಪ್ಯೂಟರ್ ಆಗ ತಾನೇ ಬಂದಿತ್ತು. ಮುಂದೆ ಮೈಕ್ರೋಸಾಫ್ಟ್ ಕಟ್ಟಿದ ಪಾಲ್ ಆಲನ್ ಮತ್ತು ಬಿಲ್ ಗೇಟ್ಸ್ ಹತ್ತಿರ ಆ ಯಂತ್ರ ಇರಲಿಲ್ಲ. ಹಾರ್ವರ್ಡಿನ ಪಿಡಿಪಿ-10 ಕಂಪ್ಯೂಟರಿನಲ್ಲಿ ಆಲನ್ ಇಂಟೆಲ್ 8080 ಚಿಪ್ಪಿನ ಸಿಮ್ಯುಲೇಟರ್ ಬರೆದರು. ಅದರ ಮೇಲೆ ಬೇಸಿಕ್ ಭಾಷೆಯನ್ನು ಕಟ್ಟಿದರು. ನಿಜವಾದ ಯಂತ್ರದಲ್ಲಿ ಒಂದು ಸಲವೂ ಓಡಿಸದ ಪ್ರೋಗ್ರಾಮನ್ನು ಹಿಡಿದುಕೊಂಡು ಆಲನ್ ಆಲ್ಟೇರ್ ತಯಾರಿಸುತ್ತಿದ್ದ ಕಂಪನಿಯ ಊರಾದ ಆಲ್ಬುಕರ್ಕಿಗೆ ವಿಮಾನ ಹತ್ತಿದರು. ಪ್ರೋಗ್ರಾಮನ್ನು ಯಂತ್ರದೊಳಗೆ ಸೇರಿಸುವ ಲೋಡರ್ ಬರೆದೇ ಇಲ್ಲ ಎಂದು ನೆನಪಾಗಿ, ವಿಮಾನದಲ್ಲೇ ಕೂತು ಬರೆದರು. ಅಲ್ಲಿ ಹೋಗಿ ಓಡಿಸಿದರೆ ನಡೆಯಿತು. 2+2 ಕೇಳಿದರೆ 4 ಬಂತು. ಮೊದಲು ಓದಿದಾಗ ಇದು ಪವಾಡದ ಹಾಗೆ ಕಂಡಿತ್ತು. ಈಗ ಯೋಚಿಸಿದರೆ ಆ ಪ್ರೋಗ್ರಾಮಿಗೆ ಬೇಕಾದ ಲೋಕ ಹೆಚ್ಚುಕಡಿಮೆ ಚಿಪ್ಪಿನೊಳಗೇ ಇತ್ತು ಅನ್ನಿಸುತ್ತದೆ. ಅದಕ್ಕೆ ಅಲೆ ಇರಲಿಲ್ಲ, ಏಪ್ರಿಲ್ ಸಂಜೆ ಇರಲಿಲ್ಲ. ಆದರೂ ವಿಮಾನದಿಂದ ಇಳಿಯುವಾಗ ಆಲನ್ ಅವರ ಎದೆ ಹೇಗೆ ಬಡಿದುಕೊಂಡಿರಬಹುದು ಎಂದು ನನಗೆ ಅಂದಾಜಾಗುತ್ತದೆ.

ಮಾವನ ಮೊಮ್ಮಗಳು ಒಂಬತ್ತನೇ ಕ್ಲಾಸು. ರಜೆಯಲ್ಲಿ ನಮ್ಮ ಮನೆಗೆ ಬಂದಾಗ ಅವಳಿಗೆ ವೋಕ್ವಿ ತೋರಿಸಿದೆ. ಒಂದೇ ದಿನದಲ್ಲಿ ಎಲ್‌ಇಡಿ ಮಿನುಗಿಸಿದಳು, ಎರಡನೇ ದಿನ ಟ್ರಾಫಿಕ್ ಲೈಟ್ ಮಾಡಿದಳು. ಮೂರನೇ ದಿನ ಕೇಳಿದಳು, "ಮಾಮ, ಎಲ್‌ಇಡಿಗೆ ರೆಸಿಸ್ಟರ್ ಹಾಕ್ಬೇಕು ಅಂತ ಯಾಕೆ ಹೇಳ್ತೀರಿ? ಹಾಕದಿದ್ರೂ ಉರೀತದಲ್ಲ?"

ಅವಳು ಹೇಳಿದ್ದು ನಿಜ. ಅಲ್ಲಿ ಉರಿಯುತ್ತದೆ. ಅದೇ ಸರ್ಕ್ಯೂಟನ್ನು ಟಿಂಕರ್‌ಕ್ಯಾಡ್ ಎಂಬ ಇನ್ನೊಂದು ಸಿಮ್ಯುಲೇಟರಿನಲ್ಲಿ ಮಾಡಿಸಿದೆ. ಅದು ಕರೆಂಟಿನ ಲೆಕ್ಕವನ್ನೂ ಮಾಡುವುದರಿಂದ ಎಚ್ಚರಿಕೆ ತೋರಿಸುತ್ತದೆ. ಆಮೇಲೆ ಪೆಟ್ಟಿಗೆಯಿಂದ ನಿಜವಾದ ಎಲ್‌ಇಡಿ ತೆಗೆದು 9 ವೋಲ್ಟಿನ ಬ್ಯಾಟರಿಗೆ ನೇರ ಮುಟ್ಟಿಸಿ ತೋರಿಸಿದೆ. ಒಂದು ಕ್ಷಣ ಪ್ರಖರವಾಗಿ ಬೆಳಗಿ ಆರಿ ಹೋಯಿತು. ಸುಟ್ಟ ವಾಸನೆ ಬಂತು. ಅವಳು ಮೂಗು ಹತ್ತಿರ ತಂದು ಮೂಸಿ ನೋಡಿದಳು. ಹಳ್ಳಿಯ ಶಾಲೆಯ ಮಕ್ಕಳು ಕಿಟ್ ಇಲ್ಲದೆಯೂ ಇವತ್ತು ಬ್ರೌಸರಿನಲ್ಲೇ ಈ ವಿದ್ಯೆ ಕಲಿಯಬಹುದು ಎನ್ನುವುದು ನನಗೆ ತುಂಬಾ ಸಂತೋಷದ ವಿಷಯ. ನಾನು ಓದುವಾಗ 8051 ಚಿಪ್ಪಿನ ಕಿಟ್ಟಿಗೆ ಸರದಿ ಕಾಯಬೇಕಿತ್ತು. ಆದರೆ ಒಂದು ತಿಂಗಳೊಳಗೆ ಅವರ ಕೈಗೆ ಒಂದು ನಿಜವಾದ ಎಲ್‌ಇಡಿ, ಒಂದು ರೆಸಿಸ್ಟರ್, ನಾಲ್ಕು ವಯರು ಸಿಗಲೇಬೇಕು. ಆ ವಾಸನೆ ಒಂದು ಸಲ ಮೂಗಿಗೆ ಬರಬೇಕು.

ಕೆಲವನ್ನು ನಾನು ಬಾವಿಯೊಳಗೆ ತರುವುದೇ ಇಲ್ಲ. ಸಿಡಿಲು ಅದರಲ್ಲೊಂದು. ಮೇ ತಿಂಗಳಲ್ಲಿ ಘಟ್ಟದ ಕಡೆಯಿಂದ ಗುಡುಗು ಕೇಳಿದರೆ ಮಾವ ಮೈನ್ ತೆಗೆದು, ಟ್ಯಾಂಕಿನಿಂದ ಬರುವ ವಯರಿನ ಪ್ಲಗ್ ಎಳೆದು ಇಡುತ್ತಾರೆ. ಅದಕ್ಕಿಂತ ಒಳ್ಳೆಯ ಪ್ರೋಗ್ರಾಮ್ ನನಗೆ ಬರೆಯಲು ಬರುವುದಿಲ್ಲ. ಕರೆಂಟ್ ಮಿತಿ ಮೀರಿದರೆ ಮೋಟಾರ್ ನಿಲ್ಲಿಸುವ ಸ್ಟಾರ್ಟರಿನ ಓವರ್‌ಲೋಡ್ ರಿಲೇಯನ್ನೂ ಹಾಗೆಯೇ ಉಳಿಸಿದ್ದೇನೆ. ಮೋಟಾರಿನ ಜೀವವನ್ನು ನನ್ನ ಪ್ರೋಗ್ರಾಮ್ ಒಂದರ ಕೈಯಲ್ಲಿ ಬಿಡಲು ನನಗೆ ಮನಸ್ಸಿಲ್ಲ, ಅದು ಲ್ಯಾಪ್‌ಟಾಪಿನಲ್ಲಿ ಎಷ್ಟು ಮಳೆಗಾಲ ದಾಟಿದ್ದರೂ.

ಈಗ ಆ ಫೋಲ್ಡರಿನಲ್ಲಿ 16 ಫೈಲುಗಳಿವೆ. ಟ್ಯಾಂಕಿನ ಅಲೆ, ಲೋ ವೋಲ್ಟೇಜ್, ರ‍್ಯಾಮಿನ ಕಸ, 49ನೇ ದಿನ, ಒದ್ದೆ ವಯರು, ಇಲಿ ಕಡಿದ ವಯರು. ಪ್ರೋಗ್ರಾಮ್ ತಿದ್ದಿದಾಗಲೆಲ್ಲ ಹದಿನಾರನ್ನೂ ಓಡಿಸುತ್ತೇನೆ. ಹದಿನಾರೂ ದಾಟಿದರೆ ಮಾತ್ರ ಹೆಬ್ರಿಗೆ ಹೋಗುವುದು.

ಕಳೆದ ವಾರ ಮಾವ ಫೋನ್ ಮಾಡಿದ್ದರು. "ಲೈಟ್ ಉರೀತಾ ಉಂಟು, ಪಂಪ್ ಓಡುದಿಲ್ಲ. ಡಬ್ಬಿ ತೆಗೆದು ನೋಡಿದೆ. ಸ್ಟಾರ್ಟರಿನ ಒಳಗೆ ಇಡೀ ಇರುವೆ ಗೂಡು!" ಚಿಪ್ ರಿಲೇ ಹಾಕಿದೆ. ರಿಲೇ ಎಳೆದಿದೆ. ಇರುವೆ ಮತ್ತು ಮಣ್ಣು ಸೇರಿ ಸ್ಟಾರ್ಟರಿನ ತಗಡು ಮುಚ್ಚಲು ಬಿಟ್ಟಿಲ್ಲ. ಪಂಪ್ ಓಡುತ್ತಿದೆ ಎಂದು ಚಿಪ್ ನಂಬಿ ಕೂತಿದೆ. ತಾನು ಹೇಳಿದ್ದು ನಡೆಯಿತಾ ಎಂದು ನೋಡಲು ಅದಕ್ಕೆ ಯಾವ ದಾರಿಯನ್ನೂ ನಾನು ಕೊಟ್ಟಿಲ್ಲ. ಮೋಟಾರಿನ ವಯರಿಗೆ ಸಿಕ್ಕಿಸುವ ಒಂದು ಕರೆಂಟ್ ಸೆನ್ಸರ್ ತರಿಸಿದ್ದೇನೆ, ಶನಿವಾರ ಬರುತ್ತದೆ. ಅದಕ್ಕಿಂತ ಮೊದಲು ಹದಿನೇಳನೇ ಫೈಲ್ ಬರೆದು ಮುಗಿಸಬೇಕು. ಅದರ ಹೆಸರು ಇರುವೆ.